ಚಳಿಯೇ ಸೀಳಿಕೊಟ್ಟ ಚಾವಣಿ

ಯಾವುದೋ ಕ್ಯಾಲೆಂಡರಿನಲ್ಲಿ ಈ ಚಿತ್ರ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಜೇನುಬಣ್ಣದ ಕಲ್ಲಿನ ಪುಟ್ಟ ಮನೆಗಳ ಸಾಲು, ಕಡಿದಾದ ಮಾಡು, ಮುಂದೆ ಹಸಿರು ಹುಲ್ಲು. ಇದು ಇಂಗ್ಲೆಂಡಿನ ಬೈಬರಿ ಎಂಬ ಹಳ್ಳಿಯ ಆರ್ಲಿಂಗ್ಟನ್ ರೋ. 1380ರ ಸುಮಾರಿಗೆ ಕಟ್ಟಿದಾಗ ಇದು ಮಠದ ಉಣ್ಣೆ ಗೋದಾಮು. 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಅವರು ನೇಯ್ದ ಬಟ್ಟೆ ‘ರ್‍ಯಾಕ್’ ಎಂಬ ಚೌಕಟ್ಟುಗಳ ಮೇಲೆ ಒಣಗುತ್ತಿದ್ದದ್ದು ಎದುರಿನ ಆ ಹುಲ್ಲುಗಾವಲಿನಲ್ಲೇ. ಅದರ ಹೆಸರು ಈಗಲೂ ರ್‍ಯಾಕ್ ಐಲ್.

ಎಲ್ಲರೂ ಗೋಡೆಯ ಬಣ್ಣಕ್ಕೆ ಮರುಳಾಗುತ್ತಾರೆ. ನನ್ನ ಕಣ್ಣು ಮಾತ್ರ ಮಾಡಿನ ಮೇಲೆ. ಅಲ್ಲಿರುವುದು ಸುಟ್ಟ ಹೆಂಚಲ್ಲ, ಕಲ್ಲಿನ ಹೆಂಚು!

ಈ ಕಾಟ್ಸ್‌ವೋಲ್ಡ್ಸ್ ಸೀಮೆಯಲ್ಲಿ ಸುಮಾರು 17 ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ, ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಹುಟ್ಟಿದ್ದೇ ಇಲ್ಲಿನ ಸುಣ್ಣಕಲ್ಲು. ಗೋಡೆಯ ಕಲ್ಲನ್ನು ಹತ್ತಿರದಿಂದ ನೋಡಿದರೆ ಮೀನಿನ ಮೊಟ್ಟೆ ಅಂಟಿಸಿಟ್ಟ ಹಾಗೆ ಕಾಣುತ್ತದೆ. ಹೆಂಚಿಗೆ ಬೇಕಾದದ್ದು ಬೇರೆ ಜಾತಿಯ ಕಲ್ಲು, ಪದರ ಪದರವಾಗಿ ಬಿಡಿಸಿಕೊಳ್ಳುವಂಥದ್ದು.

ಬಿಡಿಸುವುದು ಯಾರು? ಚಳಿ! ಆಕ್ಸ್‌ಫರ್ಡ್‌ಶೈರ್‌ನ ಸ್ಟೋನ್ಸ್‌ಫೀಲ್ಡ್‌ನಲ್ಲಿ ಹೆಂಚಿನ ಕಲ್ಲನ್ನು ಅಗೆದು ತೆಗೆದು, ಒಣಗದಂತೆ ಕಾಪಾಡುತ್ತಿದ್ದರು. ಕೊರೆಯುವ ಚಳಿಯ ರಾತ್ರಿ ಚರ್ಚಿನ ಗಂಟೆ ಬಾರಿಸಿದರೆ ಊರವರು ಎದ್ದು ಓಡಿಬಂದು ಕಲ್ಲಿನ ಮುಚ್ಚಿಗೆ ತೆಗೆಯುತ್ತಿದ್ದರು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಅಲ್ವಾ? ಪದರಗಳ ನಡುವಿನ ನೀರು ಹಿಗ್ಗಿ ಕಲ್ಲು ಸೀಳುತ್ತಿತ್ತು. ಹಸಿ ಆರಿಬಿಟ್ಟರೆ ಮಾತ್ರ ಮುಗಿಯಿತು, ಆ ಕಲ್ಲು ಆಮೇಲೆ ಎಂಥ ಚಳಿಗೂ ಜಗ್ಗುತ್ತಿರಲಿಲ್ಲ.

ಇಂಥ ಹೆಂಚು ಬಲು ಭಾರ. 100 ಚದರ ಅಡಿಗೆ ಒಂದು ಟನ್ನಿನಷ್ಟು! ತುದಿಯಲ್ಲೊಂದು ತೂತು ಕೊರೆದು, ಓಕ್ ಮರದ ಗೂಟ ಸಿಕ್ಕಿಸಿ, ರೀಪಿಗೆ ನೇತುಹಾಕುತ್ತಿದ್ದರು. ಕಲ್ಲು ಒರಟು, ಸಂದುಗಳು ಸರಿಯಾಗಿ ಕೂಡುವುದಿಲ್ಲ. ನೀರು ನಿಂತರೆ ಒಳಗೆ ಇಳಿಯುತ್ತದೆ. ಅದಕ್ಕೇ ಮಾಡಿಗೆ 50 ಡಿಗ್ರಿಯ ಆಸುಪಾಸಿನ ಇಳಿಜಾರು.

ಇನ್ನೊಂದು ಜಾಣತನ ಇದೆ. ಸೂರಿನ ಹತ್ತಿರ ದೊಡ್ಡ ಹೆಂಚು, ಮೇಲೆ ಹೋದಂತೆ ಚಿಕ್ಕದು. ಸುಮ್ನೆ ಅಂದಕ್ಕಲ್ಲ. ಮಳೆನೀರು ಕೆಳಗಿಳಿದಷ್ಟೂ ಜಾಸ್ತಿಯಾಗುತ್ತದೆ. ಅಲ್ಲಿ ಸಂದು ಕಡಿಮೆ ಇದ್ದರೇ ಒಳ್ಳೆಯದು. ಭಾರವೂ ಸೀದಾ ಗೋಡೆಯ ಮೇಲೆ ಕೂರುತ್ತದೆ. ಚಿಕ್ಕ ಚೂರೂ ದಂಡವಾಗುವುದಿಲ್ಲ. ಪ್ರತಿ ಅಳತೆಗೂ ಕೆಲಸಗಾರರು ಒಂದೊಂದು ಹೆಸರು ಇಟ್ಟಿದ್ದರು. ಒಂದರ ಹೆಸರು ‘ಬ್ಯಾಚುಲರ್’. ಯಾಕೆ ಅಂತ ಕೇಳಬೇಡಿ!

ವರ್ಷಗಳು ಕಳೆದು ದೊಡ್ಡ ಹೆಂಚಿನ ಅಂಚು ಸವೆದರೆ ಬಿಸಾಡುವುದಿಲ್ಲ. ಸವೆದದ್ದನ್ನು ಕತ್ತರಿಸಿ, ಹೊಸ ತೂತು ಕೊರೆದು, ಮೇಲಿನ ಸಾಲಿಗೆ ಏರಿಸುತ್ತಾರೆ.