ನಾಟಿ ಟೊಮೆಟೊ ಮತ್ತು ಫ್ರಿಜ್ಜು

ಮಳೆಗಾಲ ಮುಗಿಯುತ್ತಿದ್ದಂತೆ ಹಿತ್ತಿಲಲ್ಲಿ ನಾಟಿ ಟೊಮೆಟೊ ಹಾಕುವ ತೀರ್ಥಹಳ್ಳಿ, ಹೊಸನಗರದ ಕಡೆಯವರು ನನ್ನ ಬಳಿ ಸಲಹೆಗೆ ಬರುತ್ತಿರುತ್ತಾರೆ. ಗೊಬ್ಬರ, ಸೊರಗು ರೋಗಗಳ ವಿಷಯ ಅವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಆದರೆ ಅಷ್ಟು ಜತನದಿಂದ ಬೆಳೆದ ಹಣ್ಣನ್ನು ಕೊಯ್ದ ದಿನವೇ ಫ್ರಿಜ್ಜಿಗೆ ಸೇರಿಸಿ, ವಾರ ಕಳೆದ ಮೇಲೆ ‘ಸಂತೆಯ ಹಣ್ಣಿಗೂ ಇದಕ್ಕೂ ಏನು ವ್ಯತ್ಯಾಸ ಸರ್?’ ಎಂದು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಟೊಮೆಟೊದ ರುಚಿ ಎಂದರೆ ನಾಲಿಗೆಗೆ ತಾಗುವ ಸಿಹಿ ಮತ್ತು ಹುಳಿ ಮಾತ್ರವಲ್ಲ, ಅಗಿಯುವಾಗ ಮೂಗಿಗೆ ಏರುವ ಪರಿಮಳವೂ ಹೌದು. ಹಣ್ಣನ್ನು 5 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಒಂದು ವಾರ ಇಟ್ಟರೆ ಸಕ್ಕರೆ ಮತ್ತು ಆಮ್ಲಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ; ಪರಿಮಳವನ್ನು ತಯಾರಿಸುವ ವಂಶವಾಹಿಗಳ ಕೆಲಸ ಮಾತ್ರ ಕುಗ್ಗುತ್ತದೆ, ಮತ್ತೆ ಹೊರಗೆ ತೆಗೆದಿಟ್ಟರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ ಎಂಬುದನ್ನು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಒಂದೆರಡು ದಿನದ ತಂಪಿನಿಂದ ಇಷ್ಟು ಹಾನಿಯಾಗಲಾರದು. ಆದರೂ ಪರಿಮಳಕ್ಕಾಗಿಯೇ ನಾಟಿ ತಳಿ ಬೆಳೆಯುವವರು ಆ ಪರಿಮಳವನ್ನೇ ಕಳೆದುಕೊಂಡರೆ ಬೆಳೆದು ಬಂದದ್ದೇನು?

ಸಾಗರದ ಹತ್ತಿರದ ಮನೆಯೊಂದರಲ್ಲಿ ಅಮ್ಮನೊಬ್ಬರು ಫ್ರಿಜ್ಜಿನ ಒಂದು ಹಣ್ಣನ್ನೂ ಆಗಷ್ಟೇ ಗಿಡದಿಂದ ಕಿತ್ತ ಇನ್ನೊಂದನ್ನೂ ನನ್ನೆದುರಿಗೇ ಹೆಚ್ಚಿದರು. ಗಿಡದ ಹಣ್ಣಿಗೆ ಚಾಕು ತಾಗುತ್ತಲೇ ಅದರ ವಾಸನೆ ಅಡುಗೆಮನೆಗೆಲ್ಲ ಹಬ್ಬಿತು. ಅವರು ಮಾತಾಡದೆ ಎರಡೂ ಹೋಳುಗಳನ್ನು ಮೂಸಿ ನೋಡಿ, ಫ್ರಿಜ್ಜಿನಲ್ಲಿದ್ದ ಉಳಿದ ಹಣ್ಣನ್ನೆಲ್ಲ ಹೊರಗೆ ತೆಗೆದರು. ಅಷ್ಟರಲ್ಲಿ ನನ್ನ ಕಣ್ಣು ಕಲಗಚ್ಚಿನ ಬಕೆಟ್ಟಿನ ಮೇಲೆ ಬಿತ್ತು. ತೊಟ್ಟಿನ ಸುತ್ತ ಹಸಿರು ಉಳಿದಿದ್ದ ಹಣ್ಣುಗಳನ್ನು, ಸರಿಯಾಗಿ ಮಾಗಿಲ್ಲವೆಂದು ಅವರು ದನಕ್ಕೆ ಹಾಕುತ್ತಿದ್ದರು. ಹಲವು ಹಳೆಯ ತಳಿಗಳಿಗೆ ಆ ಹಸಿರು ಸಹಜ. ಎಲ್ಲ ಕಡೆ ಒಂದೇ ಬಣ್ಣಕ್ಕೆ ತಿರುಗುವ ಹಣ್ಣನ್ನೇ ಆರಿಸುತ್ತ ಹೋದದ್ದರಿಂದ ಕಾಯಿಯಲ್ಲಿ ಪತ್ರಹರಿತ್ತು ಕಡಿಮೆಯಾಗಿ, ಅದರೊಂದಿಗೆ ಸಕ್ಕರೆಯೂ ತಗ್ಗಿತೆಂದು 2012ರಲ್ಲಿ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅತಿಯಾದ ಬಿಸಿಲಿನಿಂದಲೂ ತೊಟ್ಟಿನ ಭಾಗ ಗಟ್ಟಿಯಾಗಿ ಉಳಿಯಬಹುದಾದ್ದರಿಂದ ಅಷ್ಟನ್ನು ಮಾತ್ರ ಕೊಯ್ದು ತೆಗೆದರೆ ಸಾಕು.

ಮಾಗಿದ ಹಣ್ಣನ್ನು ಬಿಸಿಲು ತಾಗದ, ಗಾಳಿಯಾಡುವ ಮೂಲೆಯಲ್ಲಿ ಬಿದಿರಿನ ಬುಟ್ಟಿಯಲ್ಲಿ, ತೊಟ್ಟಿನ ಕಡೆ ಕೆಳಗಾಗುವಂತೆ ಒಂದೇ ಸಾಲಾಗಿ ಹರಡಿಡಿ. ನಾಟಿ ಹಣ್ಣಿನ ಸಿಪ್ಪೆ ಸಾಮಾನ್ಯವಾಗಿ ತೆಳು, ಬೇಗ ಬಿರಿಯುತ್ತದೆ. ಬಿರಿದದ್ದನ್ನು ಅಂದೇ ಗೊಜ್ಜು ಮಾಡಿ. ಹೆಚ್ಚಿದ ಹಣ್ಣು ಉಳಿದರೆ ಅದನ್ನು ಮುಚ್ಚಿ ಫ್ರಿಜ್ಜಿನಲ್ಲೇ ಇಡಬೇಕು, ಅಲ್ಲಿ ಪರಿಮಳಕ್ಕಿಂತ ಆರೋಗ್ಯ ಮುಖ್ಯ.