ರಕ್ಷಣೆ ರಾಷ್ಟ್ರಪತಿಗೆ, ಅವರ ಆದೇಶಕ್ಕಲ್ಲ

"ರಾಷ್ಟ್ರಪತಿಗಳೇ ಸಹಿ ಹಾಕಿದ ಮೇಲೆ ಮುಗೀತಲ್ಲ ವಕೀಲರೇ, ಕೋರ್ಟಿಗೆ ಹೋಗಿ ಏನು ಮಾಡೋದು?" ಶಿರಸಿಯ ನನ್ನ ಕಚೇರಿಯಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಹಾಗೆ ಮುಗಿಯುವುದಿಲ್ಲ.

ಸಂವಿಧಾನದ 361ನೇ ವಿಧಿ ರಾಷ್ಟ್ರಪತಿಗೂ ರಾಜ್ಯಪಾಲರಿಗೂ ರಕ್ಷಣೆ ಕೊಟ್ಟಿದೆ. ಅಧಿಕಾರ ಬಳಸಿದ್ದಕ್ಕೆ ಅವರು ಯಾವ ಕೋರ್ಟಿಗೂ ಉತ್ತರ ಹೇಳಬೇಕಿಲ್ಲ. ಹುದ್ದೆಯಲ್ಲಿ ಇರುವಷ್ಟು ಕಾಲ ಕ್ರಿಮಿನಲ್ ಕೇಸ್ ಇಲ್ಲ, ಬಂಧನ ಇಲ್ಲ. ಖಾಸಗಿ ವ್ಯವಹಾರದ ಸಿವಿಲ್ ದಾವೆಗೆ ಎರಡು ತಿಂಗಳ ನೋಟಿಸ್ ಬೇಕು. ಸರ್ಕಾರದ ಮೇಲೆ ದಾವೆ ಹಾಕಿದವರಿಗೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಕಲಮಿನ ನೋಟಿಸ್ ಗೊತ್ತಿರುತ್ತದೆ ಅಲ್ವಾ, ಎರಡಕ್ಕೂ ಅವಧಿ ಒಂದೇ.

ಆದರೆ ಇದು ವ್ಯಕ್ತಿಗೆ ಸಿಕ್ಕ ರಕ್ಷಣೆ. ಅವರು ಹೊರಡಿಸಿದ ಆದೇಶಕ್ಕೆ ಇಲ್ಲ. ಈ ವ್ಯತ್ಯಾಸವನ್ನು ದೇಶಕ್ಕೆ ಗಟ್ಟಿಯಾಗಿ ತಿಳಿಸಿದ್ದು ನಮ್ಮ ರಾಜ್ಯದ ಕೇಸು. 1988ರಲ್ಲಿ ಸಿದ್ದಾಪುರದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು, ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಮರುವರ್ಷ ಕೆಲವು ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಎಂದು ರಾಜ್ಯಪಾಲರು ವರದಿ ಕಳಿಸಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಹೇಳಿದರೂ ಅವಕಾಶ ಸಿಗಲಿಲ್ಲ. 1989ರ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂದಾಗ ಕರ್ನಾಟಕದ ಆ ಆದೇಶ ಸಂವಿಧಾನಕ್ಕೆ ವಿರುದ್ಧ ಎಂದಾಯಿತು. ಬಹುಮತವನ್ನು ಸದನದಲ್ಲೇ ಅಳೆಯಬೇಕು, ರಾಜಭವನದಲ್ಲಿ ಅಲ್ಲ. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಎಂದು 74(2)ನೇ ವಿಧಿಯ ಪ್ರಕಾರ ಕೋರ್ಟು ಕೇಳುವಂತಿಲ್ಲ. ಆ ಸಲಹೆಗೆ ಆಧಾರವಾದ ವರದಿ, ಪತ್ರಗಳನ್ನು ಮಾತ್ರ ಕೇಳಬಹುದು. ತೀರ್ಪಿನ ಜೀವ ಇಲ್ಲೇ ಇದೆ ಅನ್ನೋದು ನನ್ನ ಅಭಿಪ್ರಾಯ. ಬೊಮ್ಮಾಯಿಗೆ ಕುರ್ಚಿ ಮರಳಿ ಸಿಗಲಿಲ್ಲ, ಅಷ್ಟರಲ್ಲಿ ಚುನಾವಣೆಯೇ ಆಗಿಹೋಗಿತ್ತು. ನ್ಯಾಯ ಐದು ವರ್ಷ ತಡವಾದ ಈ ನೋವನ್ನು ನಾವು ವಕೀಲರು ಮರೆಯಬಾರದು.

2006ರ ಬಿಹಾರ ಕೇಸಿನಲ್ಲೂ ಇದೇ ದಾರಿ. ರಾಜ್ಯಪಾಲರಿಗೆ 361ರ ರಕ್ಷಣೆ ಉಳಿಯಿತು, ವಿಧಾನಸಭೆ ವಿಸರ್ಜನೆಯ ಆದೇಶ ಉಳಿಯಲಿಲ್ಲ.

ಅಮೆರಿಕದಲ್ಲಿ 1974ರ ಜುಲೈ 24ರಂದು ಸುಪ್ರೀಂ ಕೋರ್ಟು 8–0ರಿಂದ ವಾಟರ್‌ಗೇಟ್ ಹಗರಣದ ಕೇಸಿಗೆ ಬೇಕಾದ, ತಮ್ಮ ಕಚೇರಿಯ ಮಾತುಕತೆ ಧ್ವನಿಮುದ್ರಿಸಿದ ಟೇಪುಗಳನ್ನು ಅಧ್ಯಕ್ಷ ನಿಕ್ಸನ್ ಕೊಡಲೇಬೇಕು ಎಂದಿತು. ಅಧ್ಯಕ್ಷರ ಮಾತುಕತೆಗೆ ಗೌಪ್ಯತೆ ಇದೆ, ಕ್ರಿಮಿನಲ್ ವಿಚಾರಣೆಗೆ ಬೇಕಾದ ಸಾಕ್ಷ್ಯದ ಮುಂದೆ ಅದು ನಿಲ್ಲದು. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಬರ್ಗರ್ ಅವರನ್ನು ನೇಮಿಸಿದ್ದು ನಿಕ್ಸನ್ನರೇ. ಆಗಸ್ಟ್ 9ಕ್ಕೆ ನಿಕ್ಸನ್ ಹುದ್ದೆ ಬಿಟ್ಟರು. 2024ರ ಟ್ರಂಪ್ ತೀರ್ಪು ಬೇರೆ ಕಡೆ ತಿರುಗಿತು. ಅಧ್ಯಕ್ಷರ ಮೂಲ ಅಧಿಕಾರದ ಕೆಲಸಗಳಿಗೆ, ಹುದ್ದೆ ಬಿಟ್ಟ ಮೇಲೂ, ಕ್ರಿಮಿನಲ್ ಕೇಸಿನಿಂದ ಪೂರ್ತಿ ರಕ್ಷಣೆ ಸಿಕ್ಕಿತು. ಇದು ನನಗೆ ಒಪ್ಪಿಗೆಯಿಲ್ಲ.

ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ ಇರುವ ಜಿಲ್ಲೆ ನಮ್ಮದು. "ಕಡತ ಗೌಪ್ಯ" ಎಂಬ ಉತ್ತರ ಕೇಳಿ ಸುಮ್ನೆ ವಾಪಸ್ ಬರಬೇಡಿ. ಕಡತವನ್ನು ಮೊದಲು ನ್ಯಾಯಾಧೀಶರೇ ನೋಡಲಿ ಎಂದು ಕೇಳಬಹುದು. 1975ರ ರಾಜ್ ನಾರಾಯಣ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ದಾರಿ ಮಾಡಿದೆ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 165ನೇ ಕಲಮು, ಮಂತ್ರಿಗಳು ಮತ್ತು ರಾಷ್ಟ್ರಪತಿಗಳ ನಡುವಿನ ಪತ್ರವ್ಯವಹಾರವನ್ನು ಯಾವ ಕೋರ್ಟೂ ತರಿಸುವಂತಿಲ್ಲ ಎನ್ನುತ್ತದೆ. ಈ ಸಾಲನ್ನು ಕೋರ್ಟುಗಳು ಸಲಹೆಗೆ ಮಾತ್ರ ಸೀಮಿತವಾಗಿ ಓದಬೇಕು. ವರದಿಗಳನ್ನೂ ಅದರೊಳಗೆ ಸೇರಿಸಿದರೆ ಬೊಮ್ಮಾಯಿ ತೀರ್ಪು ಕೊಟ್ಟ ಹಕ್ಕು ಕಾಗದದಲ್ಲೇ ಉಳಿಯುತ್ತದೆ.