ಲೋಹದ ಪುಡಿಗೆ ದುಡ್ಡು ಹಾಕುವ ಮುಂಚೆ

2025ರ ಆರಂಭದಲ್ಲಿ ಕಾಫಿಗೆ ದಾಖಲೆ ರೇಟ್ ಬಂತು. ಚಿಕ್ಕಮಗಳೂರಲ್ಲಿ ಕೈಗೆ ನಾಲ್ಕು ಕಾಸು ಸಿಕ್ಕವರು ಸೈಟು, ಹೋಂಸ್ಟೇ ಬಿಟ್ಟು ಬೇರೆ ಕಡೆಗೂ ನೋಡತೊಡಗಿದರು. ತ್ರೀಡಿ ಪ್ರಿಂಟಿಂಗ್‌ಗೆ, ಅಂದರೆ ಪದರದ ಮೇಲೆ ಪದರ ಕೂರಿಸಿ ವಸ್ತು ಮಾಡುವ ಕೆಲಸಕ್ಕೆ, ಬೇಕಾದ ಲೋಹದ ಪುಡಿ ಮಾಡುವ ಕಂಪನಿಯ ಶೇರು ಅಂಥದ್ದೊಂದು. ಇದನ್ನು ಮಾರುವವರು ಹೇಳುವ ಮಾತು ಸರಳ: ಪ್ರಿಂಟರ್ ಒಂದು ಸಲ ಮಾರಾಟವಾಗುತ್ತದೆ, ಪುಡಿ ಮಾತ್ರ ದಿನಾ ಬೇಕು. ಕೇಳಲಿಕ್ಕೆ ಸರಿಯಾಗೇ ಇದೆ, ಅಲ್ವಾ? ಆದರೆ ಈ ಪುಡಿಯ ಹಿಂದಿನ ಕಥೆ ಗೊತ್ತಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ.

ಲೋಹದ ಪುಡಿ ಹೊಸದೇನಲ್ಲ. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕಾಯಿಸಿ ಗೇರು, ಬುಷ್ ಮಾಡುವುದು ಹಳೇ ಕೆಲಸ. ಅದಕ್ಕೆ ಕರಗಿದ ಲೋಹದ ಮೇಲೆ ಜೋರಾಗಿ ನೀರು ಹಾಯಿಸಿ ಮಾಡಿದ ಅಂಕುಡೊಂಕಾದ ಪುಡಿಯೇ ಒಳ್ಳೇದು. ಒತ್ತಿದಾಗ ಕಾಳುಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗಿ ನಿಲ್ಲುತ್ತವೆ.

ಲೇಸರ್ ಬಂದ ಮೇಲೆ ಲೆಕ್ಕ ತಿರುಗಿತು. 1980ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಡೆಕಾರ್ಡ್ ಲೇಸರ್‌ನಿಂದ ಪುಡಿಯನ್ನು ಪದರ ಪದರವಾಗಿ ಬೆಸೆಯುವ ದಾರಿ ಕಂಡುಹಿಡಿದರು. 1990ರ ದಶಕದ ನಡುವಿನಲ್ಲಿ ಜರ್ಮನಿಯ ಇಒಎಸ್ ಕಂಪನಿ ಲೋಹಕ್ಕೆ ಅಂತಲೇ ಯಂತ್ರ ತಂದಿತು. ಅದೇ ಹೊತ್ತಿಗೆ ಆಕೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯವರು ಪುಡಿಯನ್ನು ಪೂರ್ತಿ ಕರಗಿಸುವ ವಿಧಾನ ರೂಪಿಸಿದರು. ಈ ಯಂತ್ರಗಳಲ್ಲಿ ಪ್ರತಿ ಪದರವೂ ಕೂದಲೆಳೆಯಷ್ಟು ತೆಳು. ಪುಡಿ ಗಂಟಾದರೆ ಪದರ ಸಮ ಬರುವುದಿಲ್ಲ, ಒಳಗೆ ತೂತು ಉಳಿಯುತ್ತದೆ. ಹಾಗಾಗಿ ಗುಂಡಗಿನ, ಸರಾಗವಾಗಿ ಹರಿಯುವ ಪುಡಿಯೇ ಬೇಕಾಯಿತು.

ಹರಿಯುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆ ತುಂಬಾ ಸುಲಭದ್ದು. ಎರಡೂವರೆ ಮಿಲಿಮೀಟರ್ ತೂತಿನ ಒಂದು ಆಲಿಕೆ. ತೂತಿಗೆ ಬೆರಳು ಒತ್ತಿ 50 ಗ್ರಾಂ ಪುಡಿ ಹಾಕುತ್ತಾರೆ. ಬೆರಳು ತೆಗೆದ ಕೂಡಲೇ ಸ್ಟಾಪ್‌ವಾಚ್ ಒತ್ತುತ್ತಾರೆ. ಎಷ್ಟು ಸೆಕೆಂಡಿಗೆ ಖಾಲಿಯಾಯಿತು ಅನ್ನುವುದೇ ಅಳತೆ. ಒಳ್ಳೆ ಪುಡಿ ನೀರಿನಂತೆ ಇಳಿಯುತ್ತದೆ. ತೇವ ಹಿಡಿದದ್ದು, ತೀರಾ ಸಣ್ಣದು ಆಲಿಕೆಯಲ್ಲೇ ಕಚ್ಚಿಕೊಂಡು ಕೂರುತ್ತದೆ.

ಗುಂಡಗಿನ ಪುಡಿ ಮಾಡಲು ಕರಗಿದ ಲೋಹದ ಧಾರೆಗೆ ಆರ್ಗಾನ್ ಅಥವಾ ನೈಟ್ರೋಜನ್ ಅನಿಲ ರಭಸದಿಂದ ಹೊಡೆಸುತ್ತಾರೆ. ಧಾರೆ ಚೂರಾಗಿ, ಬೀಳುತ್ತಲೇ ಹನಿ ಹನಿಯಾಗಿ ಗಟ್ಟಿಯಾಗುತ್ತದೆ. ತೊಡಕಿರುವುದು ಇಲ್ಲೇ. ಹನಿಗಳೆಲ್ಲ ಒಂದೇ ಗಾತ್ರಕ್ಕೆ ಬರುವುದಿಲ್ಲ. ಲೇಸರ್ ಯಂತ್ರಕ್ಕೆ ಹೆಚ್ಚಾಗಿ ಬೇಕಾಗಿರುವುದು 15ರಿಂದ 45 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಪಾಲು) ಗಾತ್ರದ್ದು. ಒಂದು ಸಲ ಕರಗಿಸಿದ್ದರಲ್ಲಿ ಅಷ್ಟು ಗಾತ್ರದ್ದು ಅರ್ಧಕ್ಕಿಂತ ಕಡಿಮೆ ಸಿಗುವುದೇ ಸಾಮಾನ್ಯ. ಕಾಫಿ ಕ್ಯೂರಿಂಗ್ (ಸಿಪ್ಪೆ ತೆಗೆದು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವುದು) ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಜರಡಿಯ ಮೇಲೆ ದಪ್ಪ ಕಾಳಿನ ಎಎ ಎಷ್ಟು ಉಳಿಯಿತು ಅನ್ನುವುದರ ಜೊತೆಗೆ ಸಣ್ಣ ಕಾಳಿನ ಸಿ, ಚೂರಾದ ಬಿಟ್ಸ್ ಯಾರಿಗೆ, ಎಷ್ಟಕ್ಕೆ ಹೋಯಿತು ಅನ್ನುವುದರ ಮೇಲೂ ಔಟ್‌ಟರ್ನ್‌ನ (ಕ್ಯೂರಿಂಗ್ ಆದ ಮೇಲೆ ಕೈಗೆ ಬರುವ ಕಾಫಿಯ) ದುಡ್ಡು ನಿಂತಿದೆ. ಪುಡಿ ಕಂಪನಿಯ ಲಾಭವೂ ಹಾಗೇ.

ಹೂಡಿಕೆದಾರರ ಕಣ್ಣು ಮೊದಲು ಬಿದ್ದದ್ದು ಪುಡಿಯ ಮೇಲಲ್ಲ, ಯಂತ್ರದ ಮೇಲೆ. ಅಮೆರಿಕದ ತ್ರೀಡಿ ಸಿಸ್ಟಮ್ಸ್ ಶೇರು 2014ರ ಜನವರಿಯಲ್ಲಿ 90 ಡಾಲರ್ ದಾಟಿತ್ತು. ಎರಡು ವರ್ಷ ಕಳೆಯುವುದರೊಳಗೆ 10 ಡಾಲರ್‌ಗಿಂತ ಕೆಳಗೆ ಬಿತ್ತು. 2016ರಲ್ಲಿ ಜಿಇ ಕಂಪನಿ ಸ್ವೀಡನ್ನಿನ ಯಂತ್ರ ಕಂಪನಿ ಆರ್ಕಾಮ್ ಅನ್ನು ಹಿಡಿತಕ್ಕೆ ತೆಗೆದುಕೊಂಡಿತು. ಆರ್ಕಾಮ್ ಜೊತೆಗೆ ಕೆನಡಾದ ಎಪಿ ಆಂಡ್ ಸಿ ಎಂಬ ಟೈಟಾನಿಯಂ ಪುಡಿ ಕಂಪನಿಯೂ ಜಿಇ ಕೈಗೆ ಬಂತು. ಪುಡಿಗೂ ಬೆಲೆ ಇದೆ ಅಂತ ಮಾರುಕಟ್ಟೆ ಮಾತಾಡಿಕೊಂಡದ್ದು ಹೆಚ್ಚಾಗಿ ಆಮೇಲೆ. ಹಾಗಂತ ಪುಡಿಯವರೆಲ್ಲ ಗೆದ್ದರಾ? ಇಲ್ಲ. ಕೇಂಬ್ರಿಡ್ಜ್‌ನ ಸಂಶೋಧನೆಯಿಂದ ಹುಟ್ಟಿದ ಬ್ರಿಟನ್ನಿನ ಮೆಟಾಲಿಸಿಸ್ ಹಲವು ಸುತ್ತು ಬಂಡವಾಳ ಎತ್ತಿ, 2019ರಲ್ಲಿ ದಿವಾಳಿಯ ಅಂಚಿಗೆ ಬಂದು ಬೇರೆಯವರ ಪಾಲಾಯಿತು. 2020ರ ಕೊನೆಯಲ್ಲಿ ಭಾರೀ ಸದ್ದು ಮಾಡಿ ಲಿಸ್ಟ್ ಆದ ಯಂತ್ರ ಕಂಪನಿ ಡೆಸ್ಕ್‌ಟಾಪ್ ಮೆಟಲ್ 2025ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು.

ನಮ್ಮ ಕಡೆಯ ಉದಾಹರಣೆ ಇಸ್ರೋದ್ದು. ಹಾಸನದವರಿಗೆ ಇಸ್ರೋ ಅಂದರೆ ಸಾಲಗಾಮೆ ರಸ್ತೆಯ ಎಂಸಿಎಫ್, ಉಪಗ್ರಹ ನೋಡಿಕೊಳ್ಳುವ ಜಾಗ. ಈ ಕಥೆ ರಾಕೆಟ್ ಕಡೆಯದ್ದು. 2024ರ ಮೇ 9ರಂದು ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ತ್ರೀಡಿ ಪ್ರಿಂಟೆಡ್ ಎಂಜಿನ್ನನ್ನು 665 ಸೆಕೆಂಡ್ ಉರಿಸಿ ನೋಡಿದರು. ಮಾಡಿಕೊಟ್ಟದ್ದು ವಿಪ್ರೋ ತ್ರೀಡಿ. 14 ಭಾಗ ಸೇರಿ ಒಂದೇ ಆಯಿತು, 19 ಬೆಸುಗೆ ತಪ್ಪಿತು. ಮೊದಲು ಒಂದು ಎಂಜಿನ್‌ಗೆ 565 ಕಿಲೋ ಲೋಹ ಬೇಕಿತ್ತು. ಈಗ 13.7 ಕಿಲೋ ಪುಡಿ ಸಾಕು.

ಇಸ್ರೋಗೆ ಇದು ದೊಡ್ಡ ಗೆಲುವು. ಪುಡಿ ಮಾರುವವನ ಜಾಗದಲ್ಲಿ ನಿಂತು ನೋಡಿ. ಇಷ್ಟು ದೊಡ್ಡ ಗಿರಾಕಿ, ಆದರೆ ಒಂದು ಎಂಜಿನ್‌ಗೆ ಹದಿನಾಲ್ಕು ಕಿಲೋ ಕೂಡ ಇಲ್ಲ! ಸಾಲದ್ದಕ್ಕೆ ಕರಗದೆ ಉಳಿದ ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸುತ್ತಾರೆ. ತ್ರೀಡಿ ಪ್ರಿಂಟಿಂಗ್ ಇಷ್ಟು ಪಟ್ಟು ಬೆಳೆಯುತ್ತದೆ ಎಂಬ ಗ್ರಾಫು ತೋರಿಸಿದ ತಕ್ಷಣ ಪುಡಿಯ ಟನ್ನೂ ಅಷ್ಟೇ ಬೆಳೆಯುತ್ತದೆ ಅಂದುಕೊಳ್ಳಬಾರದು ಅನ್ನುವುದು ಇದಕ್ಕೇ. ನನ್ನ ಪ್ರಕಾರ ಇಂಥ ಕಂಪನಿಯನ್ನು ಟನ್ ಲೆಕ್ಕದಲ್ಲಿ ಅಳೆಯುವುದೇ ತಪ್ಪು.

ಮತ್ತೆ ದುಡ್ಡು ಎಲ್ಲಿದೆ? ಒಪ್ಪಿಗೆಯಲ್ಲಿ. ವಿಮಾನದ ಭಾಗಕ್ಕೆ ಒಂದು ಕಂಪನಿಯ ಪುಡಿ ಪಾಸಾಗಲು ವರ್ಷಗಳೇ ಹಿಡಿಯುತ್ತವೆ. ಪಾಸಾದ ಮೇಲೆ ಗಿರಾಕಿ ಸುಮ್ನೆ ಬದಲಾಯಿಸುವುದಿಲ್ಲ, ಬದಲಾಯಿಸಿದರೆ ಪರೀಕ್ಷೆಯೆಲ್ಲ ಮತ್ತೆ ಮಾಡಬೇಕು. ಅಲ್ಲಿಯವರೆಗೆ ಸಂಬಳ, ಅನಿಲ, ಕರೆಂಟು ಬಿಲ್ಲು ನಡೆಯುತ್ತಲೇ ಇರುತ್ತವೆ. ಟೈಟಾನಿಯಂ, ಅಲ್ಯೂಮಿನಿಯಂ ಆದರೆ ಸಣ್ಣ ಪುಡಿಗೆ ಬೆಂಕಿ ಹತ್ತುವ ಭಯ, ಅದರ ಖರ್ಚು ಬೇರೆ.

ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ಈ ಕ್ಷೇತ್ರಕ್ಕೆ ರಾಷ್ಟ್ರೀಯ ಕಾರ್ಯತಂತ್ರ ಪ್ರಕಟಿಸಿತು. ಜಗತ್ತಿನ ತ್ರೀಡಿ ಪ್ರಿಂಟಿಂಗ್ ವ್ಯವಹಾರದಲ್ಲಿ ಶೇ 5 ಪಾಲು ನಮ್ಮದಾಗಬೇಕು ಎಂಬ ಗುರಿ ಅದರಲ್ಲಿತ್ತು. ಗುರಿ ಬೇರೆ, ಆರ್ಡರ್ ಬೇರೆ. ಬೆಂಗಳೂರಿನ ಇಂಡೋ-ಎಂಐಎಂ ಎಂಬ ಕಂಪನಿ ಪುಡಿಯನ್ನು ಅಚ್ಚಿಗೆ ತುಂಬಿ ಸಣ್ಣ ಭಾಗ ಮಾಡುವ ಕೆಲಸದಿಂದ ಬೆಳೆದದ್ದು. ಆ ಕೆಲಸಕ್ಕೆ ತೀರಾ ಸಣ್ಣ ಪುಡಿಯೇ ಬೇಕು. ಲೇಸರ್ ಯಂತ್ರಕ್ಕೆ ಆಗದ ಸಣ್ಣ ಪುಡಿಗೆ ಮನೆಯಲ್ಲೇ ಗಿರಾಕಿ ಇದ್ದರೆ ಎಷ್ಟು ಅನುಕೂಲ ಅಂತ ಬಿಡಿಸಿ ಹೇಳಬೇಕಿಲ್ಲ.

ಅನ್‌ಲಿಸ್ಟೆಡ್ (ಶೇರು ಪೇಟೆಯಲ್ಲಿ ಲಿಸ್ಟ್ ಆಗದ) ಶೇರಾದರೆ ಇನ್ನೊಂದು ವಿಷಯ. ಪ್ರೈವೇಟ್ ಪ್ಲೇಸ್‌ಮೆಂಟ್‌ನಲ್ಲಿ, ಅಂದರೆ ಆಯ್ದ ಕೆಲವರಿಗೆ ಮಾತ್ರ ಶೇರು ಕೊಡುವಾಗ, ಒಂದು ಕಂಪನಿ ವರ್ಷಕ್ಕೆ 200ಕ್ಕಿಂತ ಹೆಚ್ಚು ಸಾಮಾನ್ಯ ಹೂಡಿಕೆದಾರರನ್ನು ಕರೆಯುವಂತಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ ಸಾವಿರ ಜನಕ್ಕೆ ಆಫರ್ ಬಂದಿದೆ ಎಂದರೆ ಅಲ್ಲೇ ಅನುಮಾನ ಪಡಬೇಕು. ಕಂಪನಿ ಸಲ್ಲಿಸಿದ ಲೆಕ್ಕಪತ್ರವನ್ನು ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಸ್ವಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ದಾಸ್ತಾನಿನ ಸಾಲು ಹುಡುಕಿ. ಮಾರಾಟ ನಿಂತಲ್ಲೇ ನಿಂತು ದಾಸ್ತಾನು ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಅಳತೆಗೆ ಬಾರದ ಪುಡಿ ಡ್ರಮ್ಮುಗಳಲ್ಲಿ ಕೂತಿದೆಯಾ ಅಂತ ನೇರವಾಗಿ ಕೇಳಿ.